ಸಂಬಳದ ಲೆಕ್ಕ ಹಾಕಿಕೊಡುವುದು ಇಷ್ಟು ದೊಡ್ಡ ಬಿಸಿನೆಸ್ ಆಗಿದ್ದು ಹೇಗೆ? (ಗ್ರೇಟ್‌ಎಚ್‌ಆರ್ ನೆಪದಲ್ಲಿ)

ರಾಜಾಜಿನಗರದವನು
ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಮಾತು ಬಂದರೆ ಇನ್ಫೋಸಿಸ್, ವಿಪ್ರೋ, ಫ್ಲಿಪ್‌ಕಾರ್ಟ್ ಅಂತ ಹೇಳಿ ಮುಗಿಸಿಬಿಡುತ್ತೇವೆ. ಗ್ರೇಟ್‌ಎಚ್‌ಆರ್ ಅನ್ನುವ ಸಂಬಳ, ಹಾಜರಿ ಲೆಕ್ಕದ ಸಾಫ್ಟ್‌ವೇರ್ ಮಾಡುವ ಗ್ರೇಟಿಪ್ ಕಂಪನಿ 1994ರಲ್ಲಿ ಇದೇ ಊರಿನಲ್ಲಿ ಶುರುವಾಗಿದ್ದು ಅಂತ ಎಷ್ಟು ಜನಕ್ಕೆ ಗೊತ್ತು? ಗಿರೀಶ್ ರೌಜಿ ಮತ್ತು ಸಯೀದ್ ಅಂಜುಮ್ ಕಟ್ಟಿದ್ದು. ಮೊದಲು ಆಫೀಸಿನ ಕಂಪ್ಯೂಟರಿಗೆ ಹಾಕಿಕೊಡುವ ಸಾಫ್ಟ್‌ವೇರ್ ಮಾರುತ್ತಿದ್ದರು, ಆಮೇಲೆ ಪೂರ್ತಿ ಕ್ಲೌಡ್‌ಗೆ, ಅಂದರೆ ಇಂಟರ್‌ನೆಟ್ ಮೂಲಕ ಬಳಸುವ ಸಾಫ್ಟ್‌ವೇರ್‌ಗೆ ಬಂದರು. ಈಗ 20,000ಕ್ಕೂ ಜಾಸ್ತಿ ಕಂಪನಿಗಳು ಗ್ರಾಹಕರು ಅಂತ ಅವರೇ ಹೇಳಿಕೊಳ್ಳುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಸಂಬಳದ ಲೆಕ್ಕ ಅಂದರೆ ಕೂಡುವುದು, ಕಳೆಯುವುದು. ಅದನ್ನೇ ಮಾರಿ 30 ವರ್ಷ ಬೆಳೆಯಬಹುದಾ? ನಿಜವಾಗಿಯೂ ಅದರಲ್ಲಿ ಅಷ್ಟು ಕೆಲಸ ಇದೆಯಾ, ಇಲ್ಲಾ ಲಾಗಿನ್ ಪೇಜ್ ಇರುವ ಎಕ್ಸೆಲ್ ಶೀಟಾ?

ಪೀಣ್ಯ ಅಕೌಂಟ್ಸ್
ಕೂಡುವುದು, ಕಳೆಯುವುದು ಅಂದಿರಲ್ಲ, ಬನ್ನಿ ಒಬ್ಬರ ಸಂಬಳ ಮಾಡೋಣ.

ಬೇಸಿಕ್ 15,000 ಇರುವ ಹುಡುಗ. ಅವನ ಪಿಎಫ್ 12 ಪರ್ಸೆಂಟ್, 1,800 ಕಳೆಯಿರಿ. ಕಂಪನಿಯೂ 1,800 ಹಾಕಬೇಕು. ಆದರೆ ಕಂಪನಿಯ 1,800 ಒಂದೇ ಕಡೆ ಹೋಗುವುದಿಲ್ಲ. 8.33 ಪರ್ಸೆಂಟ್, ಅಂದರೆ 1,250 ಪಿಂಚಣಿ ಖಾತೆಗೆ, ಉಳಿದ 550 ಪಿಎಫ್‌ಗೆ. ಈಗ ಅದೇ ಟೇಬಲ್ಲಿಗೆ ಇನ್ನೊಬ್ಬ ಬಂದ. 2014ರ ಸೆಪ್ಟೆಂಬರ್ ಆದಮೇಲೆ ಮೊದಲ ಸಲ ಕೆಲಸಕ್ಕೆ ಸೇರಿದವನು, ಬೇಸಿಕ್ 18,000. ಅವನಿಗೆ ಪಿಂಚಣಿ ಭಾಗವೇ ಇಲ್ಲ. ಕಂಪನಿಯ ಪಾಲು ಪೂರ್ತಿ ಪಿಎಫ್‌ಗೆ ಹೋಗಬೇಕು. ತಪ್ಪಿ ಪಿಂಚಣಿಗೆ ಹಾಕಿದಿರೋ, ಅವನು ದುಡ್ಡು ತೆಗೆಯಲು ಹೋದ ದಿನ ಗೊತ್ತಾಗುತ್ತದೆ.

ಇಎಸ್‌ಐ, ಅಂದರೆ ನೌಕರರ ಸರ್ಕಾರಿ ಆರೋಗ್ಯ ವಿಮೆ, ಇನ್ನೊಂದು ಕಥೆ. ಸಂಬಳ 21,000 ದಾಟಿದರೆ ಇಎಸ್‌ಐ ಇಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಜೂನ್‌ನಲ್ಲಿ ದಾಟಿದರೆ ಜೂನ್‌ನಲ್ಲೇ ನಿಲ್ಲಿಸುವ ಹಾಗಿಲ್ಲ, ಸೆಪ್ಟೆಂಬರ್ ಮುಗಿಯುವವರೆಗೆ ಹಿಡಿಯಲೇಬೇಕು. ನೌಕರನ ಪಾಲು 0.75 ಪರ್ಸೆಂಟ್, ಅದರಲ್ಲಿ ಪೈಸೆ ಬಂದರೆ ಮುಂದಿನ ರೂಪಾಯಿಗೆ ಏರಿಸಬೇಕು. ಪಿಎಫ್‌ನಲ್ಲಿ ಮಾತ್ರ ಹತ್ತಿರದ ರೂಪಾಯಿ.

ಇದು ಒಬ್ಬರದ್ದು. ನಮ್ಮಲ್ಲಿ ಮುನ್ನೂರು ಚಿಲ್ಲರೆ ಜನ, ಮೂರು ಶಿಫ್ಟ್, ಓಟಿ ಬೇರೆ.

ಎಕ್ಸೆಲ್ ಭಕ್ತ
ಎಲ್ಲಾ ಸರಿ ಸಾರ್, ಇಷ್ಟಕ್ಕೂ ನಾಲ್ಕು ಫಾರ್ಮುಲಾ ಹಾಕಿದರೆ ಮುಗಿಯಿತು. ತಿಂಗಳು ತಿಂಗಳು ಯಾರಿಗೋ ಬಾಡಿಗೆ ಯಾಕೆ ಕಟ್ಟಬೇಕು?

ಪೀಣ್ಯ ಅಕೌಂಟ್ಸ್
ನಿಮ್ಮಲ್ಲಿ ಎಷ್ಟು ಜನ?

ಎಕ್ಸೆಲ್ ಭಕ್ತ
ಹನ್ನೊಂದು.

ಪೀಣ್ಯ ಅಕೌಂಟ್ಸ್
ಹಾಗಾದರೆ ಎಕ್ಸೆಲ್ ಸಾಕು. ಫೆಬ್ರವರಿಯಲ್ಲಿ ಪ್ರೊಫೆಷನಲ್ ಟ್ಯಾಕ್ಸ್ (ವೃತ್ತಿ ತೆರಿಗೆ) 300 ಹಿಡಿದಿರಾ?

ಎಕ್ಸೆಲ್ ಭಕ್ತ
ಯಾವ 300? 200 ಅಲ್ವಾ?

ವೈಟ್‌ಫೀಲ್ಡ್ ಎಚ್‌ಆರ್
ಇದಕ್ಕೇ ನೋಡಿ ಜನ ಸಾಫ್ಟ್‌ವೇರ್ ತಗೊಳ್ಳುವುದು 😀

2025ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಹನ್ನೊಂದು ತಿಂಗಳು 200, ಫೆಬ್ರವರಿಗೆ 300. ವರ್ಷಕ್ಕೆ 2,500 ಆಗಬೇಕು, ಅದಕ್ಕೆ. ಸಂವಿಧಾನದ 276ನೇ ವಿಧಿ ಅದಕ್ಕಿಂತ ಮೇಲೆ ಹೋಗಲು ಬಿಡುವುದಿಲ್ಲ. ಅದಕ್ಕೂ ಮುಂಚೆ 2023ರಲ್ಲಿ ಈ ತೆರಿಗೆ ಶುರುವಾಗುವ ತಿಂಗಳ ಸಂಬಳದ ಮಿತಿಯನ್ನು 15,000ದಿಂದ 25,000ಕ್ಕೆ ಏರಿಸಿದ್ದರು. ಎರಡು ವರ್ಷದ ಒಳಗೆ ಎರಡು ಬದಲಾವಣೆ, ಅದೂ ಒಂದು ರಾಜ್ಯದ ಒಂದು ಸಣ್ಣ ತೆರಿಗೆಯಲ್ಲಿ.

ನಮ್ಮ ಜನ ಕೊಚ್ಚಿ, ಚೆನ್ನೈ, ಪುಣೆ, ದೆಹಲಿಯಲ್ಲಿದ್ದಾರೆ. ಕೇರಳ, ತಮಿಳುನಾಡಿನಲ್ಲಿ ಆರು ತಿಂಗಳಿಗೊಮ್ಮೆ ಕಟ್ಟಬೇಕು, ಅದೂ ಅಲ್ಲಿನ ಪಂಚಾಯಿತಿಗೋ ಕಾರ್ಪೊರೇಷನ್ನಿಗೋ. ಮಹಾರಾಷ್ಟ್ರದಲ್ಲಿ ಹೆಂಗಸರಿಗೆ ಬೇರೆ ಮಿತಿ. ದೆಹಲಿಯಲ್ಲಿ ಈ ತೆರಿಗೆಯೇ ಇಲ್ಲ. ಕೋವಿಡ್ ಆದಮೇಲೆ ಮನೆಯಿಂದ ಕೆಲಸ ಮಾಡುವವರು ಯಾವ ರಾಜ್ಯದ ಲೆಕ್ಕಕ್ಕೆ ಬರುತ್ತಾರೆ ಅನ್ನುವುದೇ ಒಂದು ತಲೆನೋವು. ಕರ್ನಾಟಕದಲ್ಲಿ ಲೇಬರ್ ವೆಲ್ಫೇರ್ ಫಂಡ್ (ಕಾರ್ಮಿಕರ ಕಲ್ಯಾಣ ನಿಧಿ) ಅಂತ ಡಿಸೆಂಬರ್‌ನಲ್ಲಿ ಒಂದು ಸಲ ಹಿಡಿಯುವುದು ಇದೆ, ಅದನ್ನೂ ಈಚೆಗೆ ನೌಕರನಿಗೆ 50, ಕಂಪನಿಗೆ 100 ಮಾಡಿದರು. ಇದನ್ನೆಲ್ಲ ಕೂತು ಗಮನಿಸಲು ನಾನು ಒಬ್ಬಳನ್ನು ಇಟ್ಟುಕೊಳ್ಳಬೇಕು. ಅವಳ ಸಂಬಳಕ್ಕಿಂತ ಸಾಫ್ಟ್‌ವೇರ್ ಚಂದಾ ಕಡಿಮೆ.

ರಾಜಾಜಿನಗರದವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಈ ಕಂಪನಿಗಳಿಗೆ ಸರ್ಕಾರವೇ ಸೇಲ್ಸ್‌ಮನ್. ಒಂದೊಂದು ಗೆಜೆಟ್ ಬಂದಾಗಲೂ ನೂರಾರು ಜನ ಎಕ್ಸೆಲ್ ಬಿಡುತ್ತಾರೆ.

ಫಂಡಿಂಗ್ ಫಣಿ
ಬೆಳೆದಿದ್ದಾರೆ ಸರಿ, ಆದರೆ ಸ್ಪೀಡ್ ನೋಡಿ. ಇದೇ ಥರದ ಸಾಫ್ಟ್‌ವೇರ್ ಮಾಡುವ ಹೈದರಾಬಾದಿನ ಡಾರ್ವಿನ್‌ಬಾಕ್ಸ್ ಶುರುವಾಗಿದ್ದು 2015ರಲ್ಲಿ, 2022ರ ಜನವರಿಗೆ ಯೂನಿಕಾರ್ನ್, ಅಂದರೆ ಬೆಲೆ 100 ಕೋಟಿ ಡಾಲರ್ ದಾಟಿತು. 2025ರಲ್ಲಿ ಮತ್ತೆ 14 ಕೋಟಿ ಡಾಲರ್ ತಂದರು. ಕೇಕಾ ಕೂಡ ಹೈದರಾಬಾದ್, 2022ರಲ್ಲಿ ಹೂಡಿಕೆ ಸಂಸ್ಥೆ ವೆಸ್ಟ್‌ಬ್ರಿಡ್ಜ್‌ನಿಂದ ಒಂದೇ ಸಲಕ್ಕೆ 5.7 ಕೋಟಿ ಡಾಲರ್. ಗ್ರೇಟಿಪ್ ಇವರಿಗಿಂತ ಇಪ್ಪತ್ತು ವರ್ಷ ಮುಂಚೆ ಶುರು ಮಾಡಿ ಹಿಂದೆ ಬಿದ್ದಿದೆ. ಇದು ಬೆಳವಣಿಗೆಯಾ, ನಿದ್ದೆಯಾ?

ಹಳೇ ಕೋಡರ್
ಫಣಿ ಗುರು, 1994ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನೆಟ್ ಎಲ್ಲಿತ್ತು? ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಕೊಟ್ಟಿದ್ದೇ 1995ರ ಆಗಸ್ಟ್‌ನಲ್ಲಿ. ಆಗ ಸಾಫ್ಟ್‌ವೇರ್ ಮಾರುವುದು ಅಂದರೆ ಫ್ಲಾಪಿ ಹಿಡಿದುಕೊಂಡು ಸ್ಕೂಟರ್ ಮೇಲೆ ಹೋಗಿ ಹಾಕಿಕೊಟ್ಟು ಬರುವುದು. ಬಜೆಟ್‌ನಲ್ಲಿ ಟ್ಯಾಕ್ಸ್ ಸ್ಲ್ಯಾಬ್ ಬದಲಾದರೆ ಪ್ರತಿ ಗ್ರಾಹಕನ ಹತ್ತಿರ ಮತ್ತೆ ಹೋಗಬೇಕು. ನಾನು ಬೇರೆ ಕಂಪನಿಯಲ್ಲಿ ಅದೇ ಕೆಲಸ ಮಾಡಿದವನು. ಏಪ್ರಿಲ್ ತಿಂಗಳು ಪೂರ್ತಿ ರಸ್ತೆಯಲ್ಲೇ ಇರುತ್ತಿದ್ದೆವು. ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ಮೇಲೆ ಬಟ್ಟೆ ಹೊದಿಸಿ, ಊದುಬತ್ತಿ ಹಚ್ಚಿ, ಚಪ್ಪಲಿ ಬಿಚ್ಚಿ ಒಳಗೆ ಬನ್ನಿ ಅನ್ನುತ್ತಿದ್ದರು.

ಕ್ಲೌಡ್ ಬಂದಮೇಲೆ ಒಂದು ಕಡೆ ಬದಲಿಸಿದರೆ ಎಲ್ಲರಿಗೂ ಬದಲಾಗುತ್ತದೆ. ನೂರು ಗ್ರಾಹಕರನ್ನು ನೋಡಿಕೊಳ್ಳುವ ಖರ್ಚಿನಲ್ಲಿ ಸಾವಿರಾರು ಗ್ರಾಹಕರನ್ನು ನೋಡಿಕೊಳ್ಳಬಹುದು. ಹಾಗಾಗಿ ಮೊದಲ ಹದಿನೈದು ವರ್ಷವನ್ನೂ ಆಮೇಲಿನದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಡಾರ್ವಿನ್‌ಬಾಕ್ಸ್ ಹುಟ್ಟುವ ಹೊತ್ತಿಗೆ ಕ್ಲೌಡೂ ಇತ್ತು, ಫೋನೂ ಇತ್ತು, ಕೆಲಸ ಬದಲಿಸಿದರೂ ಬದಲಾಗದ ಪಿಎಫ್‌ನ ಯುಎಎನ್ ನಂಬರೂ ಬಂದಾಗಿತ್ತು.

ವೈಟ್‌ಫೀಲ್ಡ್ ಎಚ್‌ಆರ್
ಗ್ರಾಹಕರೂ ಬೇರೆ ಬೇರೆ. ಡಾರ್ವಿನ್‌ಬಾಕ್ಸ್ ಹೋಗುವುದು ಸಾವಿರಾರು ಜನ ಇರುವ ದೊಡ್ಡ ಕಂಪನಿಗಳಿಗೆ. ಗ್ರೇಟ್‌ಎಚ್‌ಆರ್ ಇರುವುದು ಐವತ್ತು, ಇನ್ನೂರು ಜನ ಇರುವ ಕಡೆ. 25 ಜನದವರೆಗೆ ಪುಕ್ಕಟೆ ಪ್ಲಾನ್ ಕೂಡ ಇಟ್ಟಿದ್ದಾರೆ. ಮತ್ತೆ ದುಡ್ಡೇ ತರಲಿಲ್ಲ ಅಂತಲ್ಲ. ನೌಕ್ರಿ ಡಾಟ್ ಕಾಮ್‌ನ ಇನ್ಫೋ ಎಡ್ಜ್, ಆಮೇಲೆ ಆಪಿಸ್ ಪಾರ್ಟ್‌ನರ್ಸ್ ಹೂಡಿಕೆ ಮಾಡಿದ್ದಾರೆ.

ಫಂಡಿಂಗ್ ಫಣಿ
ಇನ್ಫೋ ಎಡ್ಜ್ ಹಾಕಿದ್ದು ಗೊತ್ತು ಮೇಡಂ. ಆದರೂ ಜೋಹೋ ಹೊರಗಿನ ಒಂದು ಪೈಸೆ ಇಲ್ಲದೆ ಪೀಪಲ್ (ಎಚ್‌ಆರ್), ಪೇರೋಲ್ (ಸಂಬಳದ ಲೆಕ್ಕ) ಅಂತ ಎರಡು ಸಾಫ್ಟ್‌ವೇರ್ ಮಾಡಿ ಕೂತಿದೆ. ಆನ್‌ಲೈನ್ ಪಾವತಿಯ ರೇಜರ್‌ಪೇ 2019ರಲ್ಲಿ ಆಪ್‌ಫಿನ್ ಅನ್ನುವ ಪೇರೋಲ್ ಕಂಪನಿಯನ್ನು ಕೊಂಡು ನೇರ ಪೇರೋಲ್‌ಗೆ ಇಳಿಯಿತು. ನಡುವೆ ಇರುವವರು ಎರಡೂ ಕಡೆಯಿಂದ ಏಟು ತಿನ್ನುತ್ತಾರೆ.

ನ್ಯೂಜೆರ್ಸಿ ನಿವಾಸಿ
ನಮ್ಮ ಊರಿನ ಕಥೆ ಕೇಳಿ. ಇಲ್ಲಿನ ಪ್ಯಾಟರ್ಸನ್‌ನಲ್ಲಿ 1949ರಲ್ಲಿ ಹೆನ್ರಿ ಟಾಬ್ ಅನ್ನುವ 21 ವರ್ಷದ ಹುಡುಗ ಬೇರೆ ಕಂಪನಿಗಳ ಸಂಬಳದ ಲೆಕ್ಕ ಮಾಡಿಕೊಡುವ ಅಂಗಡಿ ಇಟ್ಟ. ಕಂಪ್ಯೂಟರ್ ಇಲ್ಲದ ಕಾಲ, ಎಲ್ಲ ಕೈಯಲ್ಲೇ. ಅವನಿಗೆ ಗ್ರಾಹಕರನ್ನು ಹಿಡಿದು ತರುತ್ತಿದ್ದ ಫ್ರಾಂಕ್ ಲಾಟೆನ್‌ಬರ್ಗ್ ಆಮೇಲೆ ಕಂಪನಿಯ ಮುಖ್ಯಸ್ಥನಾಗಿ, ಕೊನೆಗೆ ಅಮೆರಿಕದ ಸೆನೆಟರ್ ಆದ. ಅದೇ ಎಡಿಪಿ. ಅಮೆರಿಕದಲ್ಲಿ ಆರರಲ್ಲಿ ಒಬ್ಬ ನೌಕರನ ಸಂಬಳ ತಮ್ಮ ಮೂಲಕ ಹೋಗುತ್ತದೆ ಅಂತ ಎಡಿಪಿಯವರು ಹೇಳುತ್ತಾರೆ.

ಇಲ್ಲಿ ಅವರ ಗಳಿಕೆ ಬರೀ ಚಂದಾದಿಂದ ಬರುವುದಿಲ್ಲ. ಕಂಪನಿ ಸಂಬಳದ ದುಡ್ಡನ್ನೂ ತೆರಿಗೆ ದುಡ್ಡನ್ನೂ ಮೊದಲೇ ಎಡಿಪಿಗೆ ಕೊಡುತ್ತದೆ. ನೌಕರನಿಗೆ, ಸರ್ಕಾರಕ್ಕೆ ಕಟ್ಟುವವರೆಗೆ ಅದು ಎಡಿಪಿ ಕೈಯಲ್ಲಿ. ಅಷ್ಟು ದಿನದ ಬಡ್ಡಿ ಅವರದ್ದು. 2024ರ ಜೂನ್‌ಗೆ ಮುಗಿದ ವರ್ಷದಲ್ಲಿ ಆ ಬಡ್ಡಿಯೇ 100 ಕೋಟಿ ಡಾಲರ್ ದಾಟಿತು. ಬಡ್ಡಿ ದರ ಏರಿದಾಗ ಜಗತ್ತೆಲ್ಲ ಅಳುತ್ತಿದ್ದರೆ ಪೇರೋಲ್ ಕಂಪನಿಗಳು ನಗುತ್ತಿದ್ದವು.

ರಾಜಾಜಿನಗರದವನು
ಹಾಗಾದರೆ ಅಷ್ಟು ದುಡ್ಡು ಕೈಯಲ್ಲಿಟ್ಟುಕೊಂಡ ಕಂಪನಿ ಮುಳುಗಿದರೆ?

ನ್ಯೂಜೆರ್ಸಿ ನಿವಾಸಿ
ಮುಳುಗಿದೆ. ನ್ಯೂಯಾರ್ಕ್ ರಾಜ್ಯದಲ್ಲಿ ಮೈಪೇರೋಲ್‌ಎಚ್‌ಆರ್ ಅಂತ ಒಂದಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ಬಾಗಿಲು ಮುಚ್ಚಿತು. ಅದಕ್ಕಿಂತ ಕೆಟ್ಟದ್ದು ಏನೆಂದರೆ, ನೌಕರರ ಖಾತೆಗೆ ಬಂದಿದ್ದ ಸಂಬಳವನ್ನು ಬ್ಯಾಂಕ್ ವ್ಯವಸ್ಥೆ ವಾಪಸ್ ಎಳೆದುಕೊಂಡಿತು. ಕೆಲವರಿಗೆ ಎರಡೆರಡು ಸಲ. ಖಾತೆ ಮೈನಸ್‌ಗೆ ಹೋಯಿತು. ಮಾಲೀಕ ಬ್ಯಾಂಕುಗಳಿಗೆ ವರ್ಷಗಟ್ಟಲೆ ಟೋಪಿ ಹಾಕುತ್ತಿದ್ದ, ಜೈಲಿಗೆ ಹೋದ.

ಜಯನಗರ ಸಿಎ
ನಮ್ಮಲ್ಲಿ ಈ ಅಪಾಯ ಕಡಿಮೆ, ಯಾಕೆ ಅಂತ ಹೇಳುತ್ತೇನೆ. ಇಲ್ಲಿ ಹೆಚ್ಚಿನ ಸಾಫ್ಟ್‌ವೇರ್‌ಗಳು ಲೆಕ್ಕ ಮಾಡಿ ಬ್ಯಾಂಕಿಗೆ ಬೇಕಾದ ಫೈಲ್ ತೆಗೆದುಕೊಡುತ್ತವೆ. ಕಂಪನಿಯ ಅಕೌಂಟೆಂಟ್ ಆ ಫೈಲನ್ನು ತನ್ನ ಬ್ಯಾಂಕ್ ಪೋರ್ಟಲ್‌ಗೆ ಹಾಕುತ್ತಾನೆ, ಇನ್ನೊಬ್ಬರು ಒಟಿಪಿ ಕೊಟ್ಟು ಒಪ್ಪಿಗೆ ಕೊಡುತ್ತಾರೆ. ದುಡ್ಡು ಕಂಪನಿಯ ಖಾತೆಯಿಂದ ನೇರ ನೌಕರನ ಖಾತೆಗೆ. ಪಿಎಫ್‌ಗೂ ಹಾಗೇ, ಇಸಿಆರ್ ಫೈಲ್ (ಯಾರಿಗೆ ಎಷ್ಟು ಪಿಎಫ್ ಅನ್ನುವ ತಿಂಗಳ ಪಟ್ಟಿ) ತೆಗೆದು ಪೋರ್ಟಲ್‌ಗೆ ಹಾಕಿ, 15ನೇ ತಾರೀಕಿನ ಒಳಗೆ ಕಟ್ಟಬೇಕು. ದುಡ್ಡನ್ನು ತಾವೇ ಕಳುಹಿಸುವ ಸೇವೆಗಳೂ ಈಗ ಬಂದಿವೆ, ರೇಜರ್‌ಪೇಯದ್ದು ಹಾಗೆ. ಆದರೆ ಪಾಪ, ಬಡ್ಡಿಯ ಆ ಗಳಿಕೆ ನಮ್ಮವರಿಗೆ ಇಲ್ಲ. ತಲೆಗೆ ಇಷ್ಟು ಅಂತ ತಿಂಗಳ ಚಂದಾ, ಅಷ್ಟೇ. ಬೆಳವಣಿಗೆ ನಿಧಾನ ಆಗಿರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಇದನ್ನು ಮಾರುವುದು ಯಾರು? ನಮ್ಮಂಥ ಸಿಎಗಳು. ಗ್ರಾಹಕ ಬಂದು "ಸಾರ್, ಯಾವುದು ತಗೊಳ್ಳಲಿ" ಅಂದರೆ ನಾವು ಹೇಳಿದ್ದೇ ವೇದವಾಕ್ಯ. ನನಗೆ ಗೊತ್ತಿರುವ ಸಾಫ್ಟ್‌ವೇರ್ ಆದರೆ ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ಆದಾಯ ತೆರಿಗೆ) ಲೆಕ್ಕದ ಫೈಲ್ ನನಗೆ ಸಲೀಸಾಗಿ ಬರುತ್ತದೆ. ಹಾಗಾಗಿ ಗೊತ್ತಿರುವುದನ್ನೇ ಹೇಳುತ್ತೇನೆ. ಹಳೇ ಕಂಪನಿಗೆ ಇದು ಲಾಭ.

ಎಕ್ಸೆಲ್ ಭಕ್ತ
ಸಿಎ ಸಾರ್, ಅದಕ್ಕೆ ಕಮಿಷನ್ ಎಷ್ಟು? 😉

ಜಯನಗರ ಸಿಎ
ಕಾಫಿ ಕೂಡ ಕೊಡಿಸಿಲ್ಲ ಮಾರಾಯ.

ಉದ್ಯೋಗಿ ನಂ. 4471
ಎಲ್ಲರೂ ಕಂಪನಿ ಕಡೆಯಿಂದಲೇ ಮಾತಾಡುತ್ತಿದ್ದೀರಿ. ಇದನ್ನು ದಿನಾ ಅನುಭವಿಸುವವರ ಗೋಳು ಕೇಳಿ. ನಮ್ಮ ಆಫೀಸಿನಲ್ಲಿ ಇರುವ ಆಪ್ ಯಾವುದು ಅಂತ ಹೇಳುವುದಿಲ್ಲ. ಗೇಟಿನ ಹತ್ತಿರ ನಿಂತು ಸೆಲ್ಫಿ ತೆಗೆದರೆ ಹಾಜರಿ. ನಮ್ಮ ಬಿಲ್ಡಿಂಗ್ ಹಿಂದೆ ಪಾರ್ಕಿಂಗ್ ಇದೆ, ಅಲ್ಲಿ ನಿಂತರೆ "ನೀವು ಆಫೀಸಿನಲ್ಲಿ ಇಲ್ಲ" ಅನ್ನುತ್ತದೆ. ಮಳೆಯಲ್ಲಿ ಗೇಟಿಗೆ ಬಂದು ಹಲ್ಲು ಕಿರಿದು ಒಳಗೆ ಹೋಗಬೇಕು. ಅರ್ಧ ದಿನ ರಜೆ ಹಾಕಿದರೆ ಮ್ಯಾನೇಜರ್ ಒತ್ತುವವರೆಗೆ ಅದು ಗೈರು. ಮ್ಯಾನೇಜರ್ ಒತ್ತುವುದು ಸಂಬಳ ಆದಮೇಲೆ. ಆಮೇಲೆ "ಮುಂದಿನ ತಿಂಗಳು ಅರಿಯರ್ಸ್‌ನಲ್ಲಿ ಬರುತ್ತದೆ" ಅಂತ ಮೇಲ್.

ಪೇಸ್ಲಿಪ್ ತೆರೆಯಲು ಪ್ಯಾನ್ ನಂಬರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ದಿನ. ದೊಡ್ಡ ಅಕ್ಷರವೋ ಚಿಕ್ಕದೋ ಅಂತ ಎಲ್ಲೂ ಬರೆದಿಲ್ಲ.

ಹಳೇ ಕೋಡರ್
ಅದು ಸಾಫ್ಟ್‌ವೇರ್ ತಪ್ಪಲ್ಲ ತಮ್ಮಾ. ಗೇಟಿನಿಂದ ಎಷ್ಟು ಮೀಟರ್ ಅಂತ ಸೆಟ್ಟಿಂಗ್ ಹಾಕಿದವರು ನಿಮ್ಮ ಎಚ್‌ಆರ್.

ಉದ್ಯೋಗಿ ನಂ. 4471
ಎಚ್‌ಆರ್ ಹತ್ತಿರ ಹೋದರೆ "ಸಿಸ್ಟಮ್ ಹಾಗಿದೆ" ಅನ್ನುತ್ತಾರೆ. ಸಿಸ್ಟಮ್‌ನವರನ್ನು ಕೇಳಿದರೆ "ನಿಮ್ಮ ಎಚ್‌ಆರ್‌ನವರನ್ನು ಕೇಳಿ" ಅನ್ನುತ್ತಾರೆ.

ಕುಡ್ಲದ ಹೋಟೆಲ್‌ನವರು
ಮಾರಾಯ್ರೆ, ನಮ್ಮಲ್ಲಿ ಹದಿನಾರು ಹುಡುಗರು. ಅರ್ಧ ಜನ ತಿಂಗಳ ಮಧ್ಯೆ ಅಡ್ವಾನ್ಸ್ ಕೇಳುತ್ತಾರೆ, ಇಬ್ಬರು ಯಕ್ಷಗಾನದ ಸೀಸನ್‌ಗೆ ಕಾಣೆಯಾಗುತ್ತಾರೆ, ಒಬ್ಬನ ಸಂಬಳ ಅವನ ಅಮ್ಮನ ಕೈಗೇ ಕೊಡಬೇಕು. ಇದಕ್ಕೆ ಯಾವ ಆಪ್ ಉಂಟು ಹೇಳಿ. ಕಲ್ಲಂಗಡಿ ಬಣ್ಣದ ರಿಜಿಸ್ಟರ್ ಒಂದಿದೆ, ಅದೇ ನಮ್ಮ ಕ್ಲೌಡ್.

ಸ್ಟಾರ್ಟಪ್ ಸಂತೆ
ಬೇಗ ಬೆಳೆಯಬೇಕು ಅನ್ನುವ ಫಣಿಯವರಿಗೆ ಝೆನೆಫಿಟ್ಸ್ ನೆನಪಿಸಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2013ರಲ್ಲಿ ಪಾರ್ಕರ್ ಕಾನ್ರಾಡ್ ಶುರು ಮಾಡಿದ್ದು. ಎಚ್‌ಆರ್ ಸಾಫ್ಟ್‌ವೇರ್ ಪುಕ್ಕಟೆ, ಆದರೆ ನೌಕರರ ಆರೋಗ್ಯ ವಿಮೆ ನಮ್ಮ ಮೂಲಕ ತಗೊಳ್ಳಿ ಅನ್ನುವುದು ತಂತ್ರ. ವಿಮೆ ಕಮಿಷನ್ ಅವರ ಗಳಿಕೆ. 2015ರ ಮೇ ಹೊತ್ತಿಗೆ ಬೆಲೆ 450 ಕೋಟಿ ಡಾಲರ್.

ಅಲ್ಲಿ ವಿಮೆ ಮಾರಲು ಲೈಸೆನ್ಸ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ 52 ಗಂಟೆ ಆನ್‌ಲೈನ್ ಪಾಠ ಕೇಳಿದರೇ ಪರೀಕ್ಷೆ. ಇವರು ಸಣ್ಣದೊಂದು ಪ್ರೋಗ್ರಾಂ ಬರೆದುಕೊಂಡು, ಪಾಠದ ಎದುರು ಕೂತಿಲ್ಲದಿದ್ದರೂ ಕೂತಿರುವ ಹಾಗೆ ತೋರಿಸಿದರು. ಲೈಸೆನ್ಸ್ ಇಲ್ಲದವರೂ ವಿಮೆ ಮಾರಿದ್ದು ಬಯಲಾಯಿತು. 2016ರ ಫೆಬ್ರವರಿಯಲ್ಲಿ ಕಾನ್ರಾಡ್ ರಾಜೀನಾಮೆ. ಕಂಪನಿ ತನ್ನ ಬೆಲೆಯನ್ನು ತಾನೇ 200 ಕೋಟಿಗೆ ಇಳಿಸಿಕೊಂಡಿತು. 2022ರಲ್ಲಿ ಟ್ರೈನೆಟ್ ಅನ್ನುವವರು ಕೊಂಡುಕೊಂಡರು.

ಫಂಡಿಂಗ್ ಫಣಿ
ಪೂರ್ತಿ ಹೇಳಿ ಗುರು! ಅದೇ ಕಾನ್ರಾಡ್ ರಾಜೀನಾಮೆ ಕೊಟ್ಟ 2016ರಲ್ಲೇ ಪ್ರಸನ್ನ ಶಂಕರ್ ಜೊತೆ ರಿಪ್ಲಿಂಗ್ ಅನ್ನುವ ಎಚ್‌ಆರ್ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದ. 2025ರಲ್ಲಿ ಅದರ ಬೆಲೆ 1,680 ಕೋಟಿ ಡಾಲರ್. ಬೆಂಗಳೂರಿನಲ್ಲೂ ಆಫೀಸ್ ಇದೆ. ಬಿದ್ದವನೇ ಎದ್ದು ಜಾಸ್ತಿ ಓಡಿದ.

ಸ್ಟಾರ್ಟಪ್ ಸಂತೆ
ಎದ್ದು ಓಡುವಾಗ ಮೊದಲು ಏನು ಮಾಡಿದ? ಎರಡು ವರ್ಷ ಸುಮ್ನೆ ಕೂತು ಒಳಗಿನ ಕೆಲಸ ಮಾಡಿಸಿದ. ನೀವು ನಿದ್ದೆ ಅಂದಿರಲ್ಲ, ಅದು.

ವೈಟ್‌ಫೀಲ್ಡ್ ಎಚ್‌ಆರ್
ಓಡುವುದು, ನಿಲ್ಲುವುದು ಇರಲಿ. ಕ್ಲೌಡೇ ಬಿದ್ದರೆ? 2021ರ ಡಿಸೆಂಬರ್‌ನಲ್ಲಿ ಹಾಜರಿ ಸಾಫ್ಟ್‌ವೇರ್ ಕ್ರೋನೋಸ್ ಮೇಲೆ ರಾನ್ಸಮ್‌ವೇರ್ ದಾಳಿ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವುದು) ಆಗಿ ಅಮೆರಿಕದ ಎಷ್ಟೋ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಹಾಜರಿಯನ್ನು ವಾರಗಟ್ಟಲೆ ಕಾಗದದ ಮೇಲೆ ಬರೆದರು. ಓಟಿ ಲೆಕ್ಕ ತಪ್ಪಿ ಕೋರ್ಟ್ ಕೇಸ್‌ಗಳೂ ಆದವು. ಅದು ಓದಿದಾಗಿನಿಂದ ನಾನು ಪ್ರತಿ ತಿಂಗಳ ಸಂಬಳದ ಪಟ್ಟಿಯನ್ನು ಇಳಿಸಿ ಇಟ್ಟುಕೊಳ್ಳುತ್ತೇನೆ.

ಕುಡ್ಲದ ಹೋಟೆಲ್‌ನವರು
ರಿಜಿಸ್ಟರ್!

ರಾಜಾಜಿನಗರದವನು
😂 ಸರಿ. ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆಯಲ್ಲ, ಅದರಿಂದ ಈ ಕಂಪನಿಗಳಿಗೆ ಇನ್ನಷ್ಟು ಗಿರಾಕಿ ಅಂತೀರಾ? ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆ ಅಂತ ಎಲ್ಲ ಕಡೆ ಓಡಾಡುತ್ತಿದೆ.

ಜಯನಗರ ಸಿಎ
ವಾಟ್ಸಾಪ್‌ನಲ್ಲಿ ಓಡಾಡುವುದು ಅರ್ಧ ಸತ್ಯ. ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿ. ಅದರಲ್ಲಿ ವೇತನ ಅಂದರೆ ಏನು ಅನ್ನುವುದು ಬದಲಾಗಿದೆ. ಎಚ್‌ಆರ್‌ಎ, ಕನ್ವೇಯನ್ಸ್ ಇಂಥ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಬೇಸಿಕ್ ಸಣ್ಣದು ಮಾಡಿ ಭತ್ಯೆ ಊದಿಸುವ ಆಟ ಇನ್ನು ನಡೆಯದು. ಇದರಿಂದ ಗ್ರಾಚ್ಯುಟಿ ಜಾಸ್ತಿಯಾಗುತ್ತದೆ. ಆದರೆ ನಿಮ್ಮ ಕಂಪನಿ ಪಿಎಫ್ ಅನ್ನು 15,000ದ ಮಿತಿಯ ಮೇಲೆ ಮಾತ್ರ ಕಟ್ಟುತ್ತಿದ್ದರೆ, ಅಂದರೆ 1,800, ಕೈಗೆ ಬರುವುದರಲ್ಲಿ ಅದರಿಂದ ವ್ಯತ್ಯಾಸ ಇಲ್ಲ. ಪೂರ್ತಿ ಬೇಸಿಕ್ ಮೇಲೆ ಕಟ್ಟುವವರಿಗೆ ಕಡಿಮೆಯಾಗಬಹುದು.

ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತಲೂ ಇದೆ. 45 ದಿನ ಕಾಯಿಸುತ್ತಿದ್ದ ಕಂಪನಿಗಳು ಕೈಯಲ್ಲಿ ಲೆಕ್ಕ ಮಾಡಿ ಎರಡು ದಿನದಲ್ಲಿ ಮುಗಿಸಲಿ ನೋಡೋಣ. ಇದರ ಮೇಲೆ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬೇರೆ. ಪೇರೋಲ್ ಕಂಪನಿಗಳವರಿಗೆ ಹಬ್ಬ.

ಪೀಣ್ಯ ಅಕೌಂಟ್ಸ್
ಹಬ್ಬ ಅವರಿಗೆ. ಹೊಸ ಸೆಟ್ಟಿಂಗ್ ತುಂಬಿ, ಹಳೇ ತಿಂಗಳ ಜೊತೆ ಸಾಲು ಸಾಲು ಹೋಲಿಸಿ ನೋಡುವವರು ನಾವು. ಬೇರೆ ಸಾಫ್ಟ್‌ವೇರ್‌ಗೆ ಹೋಗೋಣ ಅಂದರೆ ಎಲ್ಲರ ರಜೆ ಬಾಕಿ, ಸಾಲದ ಕಂತು, ವರ್ಷದ ಟಿಡಿಎಸ್ ಎಲ್ಲ ಎತ್ತಿಕೊಂಡು ಹೋಗಬೇಕು. ವರ್ಷದ ನಡುವೆ ಯಾರೂ ಆ ಸಾಹಸಕ್ಕೆ ಕೈ ಹಾಕುವುದಿಲ್ಲ. ಏಪ್ರಿಲ್ ಬರಲಿ ಅನ್ನುತ್ತೇವೆ, ಏಪ್ರಿಲ್‌ನಲ್ಲಿ ಆಡಿಟ್ ಇರುತ್ತದೆ. ಫಣಿಯವರೇ, ಗ್ರಾಹಕ ಒಮ್ಮೆ ಬಂದರೆ ಹೋಗುವುದಿಲ್ಲ ಅಂತ ಅವರಿಗೂ ಗೊತ್ತು. ಅವರಿಗೇನು ಅವಸರ?

ಹುಬ್ಬಳ್ಳಿ ವರ್ಕ್‌ಶಾಪ್
ಎಲ್ಲಾ ಓದಿದೆ ರೀ. ನಮ್ಮದು ಗೋಕುಲ ರೋಡಿನಾಗ ಸಣ್ಣ ಫ್ಯಾಬ್ರಿಕೇಶನ್ ಯೂನಿಟ್. 18 ಮಂದಿ ಅದಾರ. ಪಿಎಫ್ 20 ಮಂದಿಗೆ, ಇಎಸ್‌ಐ 10 ಮಂದಿಗೆ ಅಂತಾರಲ್ಲ. ಹಂಗಾದ್ರ ನಮಗ ಇಎಸ್‌ಐ ಅಷ್ಟೇ ಅಲ್ಲೇನ್ರಿ? ಆ ಪುಕ್ಕಟೆ ಪ್ಲಾನ್ ಸಾಕಾಗ್ತದೇನು?

ಜಯನಗರ ಸಿಎ
18 ಅಂದರೆ ಪುಕ್ಕಟೆ ಪ್ಲಾನ್‌ನ 25ರ ಒಳಗೇ ಇದ್ದೀರಿ. ಇಎಸ್‌ಐ ಮಾತ್ರ ಅನ್ನುವುದೂ ಸರಿ. ಕಂಟ್ರಾಕ್ಟರ್ ಮೂಲಕ ಬರುವವರು ಯಾರಾದರೂ ಇದ್ದಾರಾ?

ಹುಬ್ಬಳ್ಳಿ ವರ್ಕ್‌ಶಾಪ್
ವೆಲ್ಡಿಂಗಿಗೆ ಇಬ್ಬರು ಬರ್ತಾರ. ಆದ್ರ ಅವರ ಪಗಾರ ನಾವು ಕೊಡೂದಿಲ್ಲ, ಕಂಟ್ರಾಕ್ಟರ್ ಕೊಡ್ತಾನ.

ಜಯನಗರ ಸಿಎ
ಪಿಎಫ್‌ಗೆ ತಲೆ ಎಣಿಸುವಾಗ ಅವರೂ ಸೇರುತ್ತಾರೆ.

ಹುಬ್ಬಳ್ಳಿ ವರ್ಕ್‌ಶಾಪ್
ಅಂದ್ರ 20 ಆತಲ್ರೀ!

ಪೀಣ್ಯ ಅಕೌಂಟ್ಸ್
ಆಯಿತು. ನಾಳೆಯೇ ಸಿಎ ಹತ್ತಿರ ಹೋಗಿ, ಆ ಕಂಟ್ರಾಕ್ಟರ್‌ಗೆ ಸ್ವಂತ ಪಿಎಫ್ ಕೋಡ್ ಇದೆಯಾ ಅಂತಲೂ ಕೇಳಿಕೊಂಡು ಹೋಗಿ.

ಎಕ್ಸೆಲ್ ಭಕ್ತ
ಒಂದು ನಿಮಿಷ, ಇಎಸ್‌ಐ 10ಕ್ಕಾ? ನಮ್ಮಲ್ಲಿ ಹನ್ನೊಂದು ಜನ ಇದ್ದಾರಲ್ಲ?